ಏಳು ಕಂಪ್ಯೂಟರು, ಒಂದೇ ಲೈಸೆನ್ಸು

ಕಂಪ್ಯೂಟರು ಬಂದ ಮೇಲೆ ಬದುಕು ಹಗುರವಾಯಿತು ಅಂತ ಯಾರಾದರೂ ಹೇಳಿದರೆ, ಅವರನ್ನು ಒಂದು ವಾರ ದೆಹಲಿಯ ಪೀತಮ್‌ಪುರದ ನಮ್ಮ ಕನ್ನಡ ಕೂಟಕ್ಕೆ ಕಳಿಸಿಕೊಡಿ. ಬಾಡಿಗೆಯ ಎರಡು ಕೋಣೆ, ಯಾವುದೋ ಆಫೀಸಿನವರು ಹಳೆಯದಾಯಿತೆಂದು ದಾನ ಕೊಟ್ಟ ಏಳು ಕಂಪ್ಯೂಟರು. ಕನ್ನಡದಲ್ಲಿ ಪುಸ್ತಕದ ಪುಟ ಕಟ್ಟುವ ಸಾಫ್ಟ್‌ವೇರಿಗೆ ಮಾತ್ರ ಒಂದೇ ಒಂದು ಲೈಸೆನ್ಸು. ನಾನು ಸರ್ಕಾರಿ ನೌಕರಿಯಿಂದ ನಿವೃತ್ತಳಾದ ಮಾರನೇ ವಾರವೇ ಇವುಗಳ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಅಂದಿನಿಂದ ದಿನಕ್ಕೊಂದು ರಾಮಾಯಣ.

ನಗಬೇಕೋ ಅಳಬೇಕೋ ತಿಳಿಯದಂತೆ ಮಾಡಿದ್ದು ಒಂದು ಪುಸ್ತಕ. ದೆಹಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಕಲಿಸಲು ಕೂಟದ ಖಜಾಂಚಿಗಳು ಎರಡು ವರ್ಷದಿಂದ ಆ ಸಾಫ್ಟ್‌ವೇರಿನಲ್ಲಿ ಒಂದು ಪಾಠಪುಸ್ತಕ ಕಟ್ಟುತ್ತಿದ್ದರು. ಬೇರೆ ಎಲ್ಲೂ ಆ ಫೈಲು ತೆರೆಯುವುದಿಲ್ಲ. ಪುಸ್ತಕ ಅದರೊಳಗಿಂದ ಹೊರಗೆ ಬಂದರೆ ಸಾಕು ಅಂತ ನಾನು ಹೊರದ ಹರಕೆಯಿಲ್ಲ.

1. ಆಯುಧಪೂಜೆ

ಮೊದಮೊದಲು ಲೈಸೆನ್ಸ್ ಅಂದರೆ ಹೆಬ್ಬೆರಳಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ತುಂಡು. ಡಾಂಗಲ್ ಅಂತ ಹೆಸರು. ಅದನ್ನು ಯಾವ ಕಂಪ್ಯೂಟರಿಗೆ ಸಿಕ್ಕಿಸುತ್ತೀರೋ ಅದರಲ್ಲಿ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು.

ಆ ವರ್ಷದ ಆಯುಧಪೂಜೆಗೆ ಏಳೂ ಕಂಪ್ಯೂಟರಿಗೆ ಗಂಧ ಕುಂಕುಮ ಇಟ್ಟು ಹೂ ಏರಿಸಿದೆ. ನಮ್ಮ ಕಾರ್ಯದರ್ಶಿಗಳಿಗೆ ಸಮಾಧಾನವಾಗಲಿಲ್ಲ. "ಅಲ್ರೀ, ನಿಜವಾದ ಆಯುಧ ಆ ಡಾಂಗಲ್ಲು. ಅದಕ್ಕೇ ಪೂಜೆ ಇಲ್ಲ ಅಂದ್ರೆ ಹೇಗೆ?" ಅಂದರು. ನನಗೂ ಹೌದೆನ್ನಿಸಿತು. ಅದನ್ನು ಬೆಳ್ಳಿ ಬಟ್ಟಲಲ್ಲಿ ಕೂರಿಸಿ, ಶಾಸ್ತ್ರಕ್ಕೆ ಎರಡೇ ಎರಡು ಚಮಚ ಅಭಿಷೇಕ ಮಾಡಿ, ಚೆನ್ನಾಗಿ ಒರೆಸಿಯೇ ಇಟ್ಟೆ.

ಮಾರನೇ ದಿನ ಅದು ಸತ್ತುಹೋಗಿತ್ತು. ಕಂಪನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಕನ್ನಡದವನೇ ಸಿಕ್ಕಿದ.

"ನೀರು ಬಿತ್ತಾ ಮೇಡಂ?"

"ಬರೀ ನೀರಲ್ಲಪ್ಪಾ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ."

ಅವನು ಒಂದೊಂದನ್ನೂ ಹೇಳಿಕೊಳ್ಳುತ್ತಾ ಬರೆದುಕೊಂಡ. ಆಮೇಲೆ ಕೇಳಿದ, "ಬಾಳೆಹಣ್ಣು ಯಾಕೆ ಬಿಟ್ರಿ ಮೇಡಂ?"

2. ಕರ್ಚೀಫು

ಡಾಂಗಲ್ಲಿನ ಕಾಲ ಮುಗಿದು ಹೊಸ ಏರ್ಪಾಡು ಬಂತು. ಸಾಫ್ಟ್‌ವೇರನ್ನು ಏಳರಲ್ಲೂ ಹಾಕಿಕೊಳ್ಳಬಹುದು, ಆದರೆ ಒಂದು ಸಲಕ್ಕೆ ಒಂದರಲ್ಲೇ ತೆರೆಯುತ್ತದೆ. ಮೊದಲು ತೆರೆದವರದ್ದು ಲೈಸೆನ್ಸು, ಉಳಿದವರು ಬಾಯಿ ಬಾಯಿ ಬಿಡಬೇಕು.

ಕಾರ್ಯದರ್ಶಿಗಳಿಗೆ ದೆಹಲಿ ಬಸ್ಸಿನ ಹಳೇ ಚಾಳಿ. ಬೆಳಗ್ಗೆ ಬಂದವರೇ ಸಾಫ್ಟ್‌ವೇರ್ ತೆರೆದು, ಮಾನಿಟರಿನ ಮೇಲೆ ಕರ್ಚೀಫು ಎಸೆದು, ತರಕಾರಿ ತರಲು ಹೊರಟುಬಿಡುವರು. ಖಜಾಂಚಿಗಳು ಪಕ್ಕದಲ್ಲಿ ಕೂತು ಕಾಯುವರು. "ಆ ಕರ್ಚೀಫು ಕಿತ್ತೆಸೀರಿ, ನಾನಿದೀನಿ" ಅಂತ ನಾನು ಹಾರಾಡಿದರೆ, "ಇರಲಿ ಬಿಡಿ, ಪಾಪ, ಬರ್ತಾರೆ" ಅನ್ನುವರು. ಮೂವತ್ತು ವರ್ಷ ಆಡಿಟ್ ಮಾಡಿದವರಿಗೆ ಇಷ್ಟು ಮೆತ್ತನೆಯ ಮನಸ್ಸು ಎಲ್ಲಿಂದ ಬಂತೋ ದೇವರೇ ಬಲ್ಲ.

ಒಂದು ಭಾನುವಾರ ತರಗತಿಗೆ ಬಂದ ಎಂಟನೇ ಕ್ಲಾಸಿನ ಹುಡುಗಿ ಇದನ್ನು ನೋಡಿದಳು. ಖಜಾಂಚಿಗಳೆಂದರೆ ಅವಳಿಗೆ ಪ್ರಾಣ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಬಂದು, ಗೆಳತಿಯರಿಂದ ಕೂಡಿಸಿ ತಂದಿದ್ದ ಕರ್ಚೀಫುಗಳನ್ನು ಏಳೂ ಮಾನಿಟರಿನ ಮೇಲೆ ಹೊದಿಸಿ, ಖಜಾಂಚಿಗಳನ್ನು ಕೈಹಿಡಿದು ತಂದು ಕೂರಿಸಿದಳು. ಆಮೇಲೆ ಬಂದ ಕಾರ್ಯದರ್ಶಿಗಳು ತಮ್ಮ ಕರ್ಚೀಫು ಹಿಡಿದುಕೊಂಡು ನಿಂತೇ ಇದ್ದರು. ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಅಂಕಲ್, ಬಸ್ ಫುಲ್ ಹೈ. ನೀವು ಹಿಂದಿನದ್ರಲ್ಲಿ ಬನ್ನಿ!"

3. ಯಾರಿಗೂ ಅಂದರೆ ಯಾರಿಗೂ

ಈ ವರ್ಷ ಯುಗಾದಿಯಾದ ಮರುವಾರ ಖಜಾಂಚಿಗಳು ತೀರಿಕೊಂಡರು. ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಅಂಥ ಮನುಷ್ಯರು ನಮಗೆ ಇನ್ನು ಸಿಗೋದಿಲ್ಲ. ಪುಸ್ತಕ ಪೂರ್ತಿ ಮುಗಿದಿತ್ತು, ಅಚ್ಚಿಗೆ ಹೋಗುವುದೊಂದೇ ಬಾಕಿ. ರಾಜ್ಯೋತ್ಸವದ ಭಾನುವಾರ ಮಕ್ಕಳ ಕೈಗೆ ಕೊಡೋಣ ಅಂತ ನಿಶ್ಚಯ ಮಾಡಿದೆವು. ಕರೋಲ್ ಬಾಗಿನ ಪ್ರೆಸ್ಸಿನವನು ಬುಧವಾರದೊಳಗೆ ಫೈಲು ಕೊಡಿ ಅಂದ.

ಮಂಗಳವಾರ ಸಾಫ್ಟ್‌ವೇರ್ ತೆರೆದರೆ, ಹೊಸ ನಿಯಮವಂತೆ! ಮೂರು ತಿಂಗಳಿಗೊಮ್ಮೆ ಮಾಲೀಕರ ಮೊಬೈಲಿಗೆ ಓಟಿಪಿ ಬರುತ್ತದೆ, ಐದು ನಿಮಿಷದೊಳಗೆ ಅದನ್ನು ಇದೇ ಕಂಪ್ಯೂಟರಿನಲ್ಲಿ ಒತ್ತಬೇಕು. ಮಾಲೀಕರ ನಂಬರು ಯಾರದ್ದು? ಖಜಾಂಚಿಗಳದ್ದು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ.

ಆದರೆ ಅವರ ಹೆಂಡತಿ, ನಾವೆಲ್ಲ ಅಕ್ಕ ಅಂತ ಕರೆಯುವವರು, ಮುನಿರ್ಕಾದ ಮನೆಯಲ್ಲಿ ಆ ಫೋನನ್ನು ಇವತ್ತಿಗೂ ಚಾರ್ಜಿಗೆ ಹಾಕುತ್ತಾರೆ, ರೀಚಾರ್ಜೂ ಮಾಡಿಸುತ್ತಾರೆ. ಫೋನ್ ಮಾಡಿದೆ.

"ಬಂತು ಕಣೇ, ಆರು ಅಂಕಿ ಬಂದಿದೆ" ಅಂದರು ಸಂಭ್ರಮದಿಂದ.

"ಹೇಳಿ ಅಕ್ಕಾ, ಬರ್ಕೋತೀನಿ."

"ಹೇಳಲ್ಲ. ಓಟಿಪಿ ಯಾರಿಗೂ ಹೇಳಬೇಡ ಅಂತ ಅವರು ಹೇಳಿದ್ದಾರೆ."

"ಅಕ್ಕಾ, ನಾನು! ಮೂವತ್ತು ವರ್ಷದಿಂದ ನಿಮ್ಮನೆ ಕಾಫಿ ಕುಡಿದವಳು!"

"ಯಾರಿಗೂ ಅಂದ್ರೆ ಯಾರಿಗೂ. ಸ್ವಂತ ಮಗಳು ಕೇಳಿದ್ರೂ ಕೊಡಬಾರದು ಅಂದಿದ್ರು. ಫೋನೂ ಯಾರ ಕೈಗೂ ಕೊಡಲ್ಲ. ನಾನೇ ಬಂದು ಒತ್ತುತ್ತಿದ್ದೆ, ಮಂಡಿ ಆಪರೇಷನ್ ಆಗಿದೆಯಲ್ಲೇ. ಒಂದು ಕೆಲಸ ಮಾಡಿ, ಕಂಪ್ಯೂಟರನ್ನೇ ಕರ್ಕೊಂಡು ಬನ್ನಿ."

ಬುಧವಾರ ಬೆಳಗ್ಗೆ ಕಾರ್ಯದರ್ಶಿಗಳೂ ನಾನೂ ಟ್ಯಾಕ್ಸಿ ಹಿಡಿದೆವು. ಮಾನಿಟರು ನನ್ನ ತೊಡೆಯ ಮೇಲೆ, ಸಿಪಿಯು ಡಬ್ಬ ಅವರ ತೊಡೆಯ ಮೇಲೆ. ಡ್ರೈವರ್ ಭಯ್ಯಾ ಕನ್ನಡಿಯಲ್ಲಿ ನೋಡಿ "ರಿಪೇರಿಗಾ?" ಅಂತ ಹಿಂದಿಯಲ್ಲಿ ಕೇಳಿದ. "ಇಲ್ಲ, ನೆಂಟರ ಮನೆಗೆ" ಅಂದೆ.

ಅಕ್ಕ ಒಳ್ಳೆ ಸೀರೆ ಉಟ್ಟು, ಮೇಜು ಖಾಲಿ ಮಾಡಿಸಿ ಕಾದಿದ್ದರು. ಕಾರ್ಯದರ್ಶಿಗಳ ಫೋನಿನಿಂದ ಇಂಟರ್ನೆಟ್ ಜೋಡಿಸಿದೆವು. ಓಟಿಪಿ ಬಂತು. ಅಕ್ಕ ಕನ್ನಡಕ ಏರಿಸಿ, "ಇಬ್ಬರೂ ಆ ಕಡೆ ತಿರುಗಿ" ಅಂದರು. ನಿವೃತ್ತ ಅಧಿಕಾರಿಗಳಿಬ್ಬರು ಗೋಡೆಗೆ ಮುಖ ಮಾಡಿ ನಿಂತೆವು. ಹಿಂದಿನಿಂದ ಒಂದೊಂದೇ ಗುಂಡಿ ಒತ್ತುವ ಸದ್ದು.

ಆರು ಎಣಿಸಿದೆ. ಮೆಲ್ಲಗೆ ತಿರುಗಿ ನೋಡಿದೆ. ಪರದೆಯ ಮೇಲೆ 'ಸ್ವಾಗತ' ಅಂತ ಬಂದು, ಕೆಳಗೆ ಖಜಾಂಚಿಗಳ ಪೂರ್ತಿ ಹೆಸರು. ಅಕ್ಕ ಅದನ್ನೇ ನೋಡುತ್ತಾ ಗಂಭೀರವಾಗಿ, "ಅವರಿಲ್ಲಪ್ಪಾ, ನಾನು ಅವರ ಮನೆಯವಳು" ಅಂದರು. ನನ್ನ ಕಣ್ಣು ತುಂಬಿ ಬಂತು. ಅಕ್ಕನೇ ಮೊದಲು ನಕ್ಕರು.

ಪುಸ್ತಕ ತೆರೆದುಕೊಂಡಿತು. ಅ ಇಂದ ಅಳಿಲು, ಆ ಇಂದ ಆಟೋ. ಒಂದೊಂದು ಪುಟವನ್ನೂ ಅಕ್ಕ ಬೆರಳಿಟ್ಟು ಓದಿದರು. "ಊಟಕ್ಕೂ ಬಾರದೆ ಅಲ್ಲಿ ಕೂತು ಇದನ್ನ ಮಾಡ್ತಿದ್ರಾ? ನಾನು ದಿನಾ ಬಯ್ತಿದ್ದೆ" ಅಂದರು. ಅಷ್ಟರಲ್ಲಿ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು: ಮಾಲೀಕರ ಮೊಬೈಲ್ ನಂಬರು ಬದಲಿಸಬೇಕೆ? ಕಾರ್ಯದರ್ಶಿಗಳು 'ಹೌದು' ಒತ್ತಲು ಬೆರಳು ಚಾಚಿದರು. ಆ ಬೆರಳಿನ ಮೇಲೆ ಒಂದು ಕೊಟ್ಟು, 'ಬೇಡ' ಒತ್ತಿದೆ.

ಪುಸ್ತಕ ಅಂದುಕೊಂಡ ಭಾನುವಾರವೇ ಮಕ್ಕಳ ಕೈ ಸೇರಿತು. ಆದರೆ ಆ ಬುಧವಾರ ನಾವು ವೈರು ಸುತ್ತಿಕೊಂಡು ಹೊರಟಾಗ ಅಕ್ಕ ಕೇಳಿದ ಮಾತು ಹೇಳಲೇಬೇಕು.

"ಇದು ಮತ್ತೆ ಯಾವಾಗ ಕೇಳುತ್ತೆ?"

"ಮೂರು ತಿಂಗಳಿಗೆ ಅಕ್ಕಾ."

ಅಕ್ಕ ಗಂಡನ ಫೋನನ್ನು ಸೆರಗಿನಿಂದ ಒರೆಸಿದರು.

"ಮೂರು ತಿಂಗಳಾ? ಕಾಲ ಕೆಟ್ಟಿದೆ ಕಣೇ, ಯಾರನ್ನೂ ಅಷ್ಟೊಂದು ನಂಬಬಾರದು. ವಾರಕ್ಕೊಂದು ಸಲ ಕೇಳೋದಕ್ಕೆ ಆ ಕಂಪನಿಯವರಿಗೆ ಹೇಳು. ಕಾಫಿಗೆ ಡಿಕಾಕ್ಷನ್ ಹಾಕಿಟ್ಟಿರ್ತೀನಿ."