ರವಿಕೆ ಕಣದ ಅಕ್ಕತಂಗಿಯರು

ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಎಂದರೆ, ರಶ್ಮಿ ಕರಕಲಾದ ಟೋಸ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದ ಒಂದು ಶುಕ್ರವಾರ. ಮೆಲ್ಬರ್ನಿನ ಬಾಕ್ಸ್ ಹಿಲ್‌ನ ಬಾಡಿಗೆ ಯೂನಿಟ್‌ನಲ್ಲಿ ಆಗ ನಾವಿಬ್ಬರೇ. ದುಡಿಯುವ ನಾನು, ಓದುವ ನನ್ನ ತಂಗಿ. ಮಾರನೇ ದಿನ ಅವಳು ಯೂನಿವರ್ಸಿಟಿಯಲ್ಲಿ ಸೊರೋರಿಟಿ ಶುರು ಮಾಡುತ್ತೇನೆಂದಳು. ಎಲ್ಲ ದೇಶದ ಹುಡುಗಿಯರೂ ಸೇರಿ ಅಕ್ಕತಂಗಿಯರಾಗುವ ಸಂಘವಂತೆ.

“ನಾನೊಬ್ಬಳು ಇದ್ದೇನಲ್ಲೇ, ಸಾಲದೇ?” ಎಂದೆ.

“ನಿನ್ನನ್ನ ನಾನು ಸೆಲೆಕ್ಟ್ ಮಾಡ್ಲಿಲ್ಲ ಅಕ್ಕ, ನಾನು ಹುಟ್ಟೋ ಹೊತ್ತಿಗೆ ನೀನು ಮನೇಲಿ ಇದ್ದೆ.” ಆಮೇಲೆ ಮೆಲ್ಲಗೆ ಹೇಳಿದಳು: “ಇಡೀ ಸೆಮಿಸ್ಟರ್ ಕ್ಯಾಂಪಸ್‌ನಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆದಿಲ್ಲ, ಗೊತ್ತಾ?”

ಮೊದಲ ಮೀಟಿಂಗ್ ನಮ್ಮ ಮನೆಯಲ್ಲೇ ಆಯಿತು. ಗ್ರೀಕರ ಹುಡುಗಿ ಎಲೇನಿ, ವಿಯೆಟ್ನಾಮಿನ ಲಿನ್, ಜೊತೆಗೆ ಇನ್ನೂ ಮೂವರು ಬಂದರು. ಗೋಳಿಬಜೆ ಖಾಲಿಯಾಯಿತು, ಮಾತು ಮಾತ್ರ ಮುಂದೆ ಹೋಗಲಿಲ್ಲ. “ಇದೆಲ್ಲ ಅಮೆರಿಕದವರ ಹುಚ್ಚು” ಎಂದಳು ಎಲೇನಿ. ಉಳಿದವರು ನೋಡೋಣ ಎನ್ನುತ್ತ ಎದ್ದರು. ರಶ್ಮಿಯ ಮುಖ ಸಣ್ಣದಾಯಿತು.

ನನಗೆ ಬೇರೆಯೇ ಚಿಂತೆ. ಮನೆಗೆ ಬಂದ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಸೂಟ್‌ಕೇಸಿನ ತಳದಿಂದ ರವಿಕೆ ಕಣಗಳನ್ನು ತೆಗೆದೆ. ಉಡುಪಿಯ ಎಷ್ಟೋ ಮನೆಗಳ ಕುಂಕುಮದ ತಟ್ಟೆ ಹತ್ತಿಳಿದ, ಯಾವ ದರ್ಜಿಯ ಮುಖವನ್ನೂ ಕಾಣದ ಬಟ್ಟೆಗಳವು. ಗಿಳಿಹಸಿರಿನದನ್ನು ಹಿಂದುಮುಂದು ತಿರುಗಿಸಿ ನೋಡಿ ಎಲೇನಿ, “ಇದೇನು ಮಾಡೋದಕ್ಕೆ?” ಎಂದಳು. ಅದು ಹೊಲಿಸಲಿಕ್ಕಲ್ಲ, ಇನ್ನೊಬ್ಬರಿಗೆ ದಾಟಿಸಲಿಕ್ಕೆ ಎಂದು ಇಂಗ್ಲಿಷಿನಲ್ಲಿ ವಿವರಿಸುವ ಧೈರ್ಯ ನನಗಿರಲಿಲ್ಲ. “ಸಿಸ್ಟರ್ಸ್‌ಗೆ ಕೊಡ್ತೀವಿ” ಎಂದುಬಿಟ್ಟೆ.

ಲಿನ್ ತನ್ನದನ್ನು ಆಗಲೇ ತಲೆಗೆ ಕಟ್ಟಿಕೊಂಡಿದ್ದಳು. “ಹಾಗಾದ್ರೆ ನಾವು ಸೇರಿದ ಹಾಗೇನಾ?”

“ಸೇರಿದ ಹಾಗೇ!” ರಶ್ಮಿ ಕೂಗಿದಳು. ಎಲೇನಿ ನಕ್ಕು, ತಾನೂ ಕಟ್ಟಿಕೊಂಡಳು.

ಮುಂದಿನ ವಾರ ಕ್ಯಾಂಪಸ್‌ನಲ್ಲಿ ಅದೇ ಯೂನಿಫಾರ್ಮ್. ಹುಡುಗಿಯರು ಹೆಚ್ಚಿದರು, ನನ್ನ ದಾಸ್ತಾನು ಮುಗಿಯಿತು. ಇನ್ನಷ್ಟು ಕಳಿಸೆಂದು ಫೋನ್ ಮಾಡಿದರೆ ಅಮ್ಮನಿಗೆ ಆಶ್ಚರ್ಯ: “ಅಲ್ಲಿ ಅಷ್ಟೊಂದು ಮುತ್ತೈದೆಯರಿದ್ದಾರೇನೇ?” ರಶ್ಮಿಯ ಹೆಸರನ್ನು ನಮ್ಮ ಬೀದಿಯಲ್ಲಿ ಎಷ್ಟು ಜನ ಕೂಗುತ್ತಿದ್ದರೆಂದರೆ, ಪಕ್ಕದ ಮನೆಯ ಮುದುಕರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಅವಳ ಕೋರ್ಸಿನ ಕೊನೆಯ ವರ್ಷ ಜ್ವರವೊಂದು ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ವಾಪಸು ಬರಲಿಲ್ಲ.

ಹುಡುಗಿಯರು ಮಾತ್ರ ಬರುವುದನ್ನು ಬಿಟ್ಟಿಲ್ಲ. ಸಿಡ್ನಿಯಲ್ಲಿ ಕೆಲಸ ಹಿಡಿದ ಲಿನ್ ಕೂಡ ರಜೆಗೆ ಬಂದು ಇಲ್ಲೇ ಮಲಗುತ್ತಾಳೆ, ನನ್ನ ಸಾರಿಗೆ ಉಪ್ಪು ಸಾಲದು ಎನ್ನುತ್ತಾಳೆ. ಒಬ್ಬ ತಂಗಿಯನ್ನು ಹಂಚಿಕೊಳ್ಳಲು ಮುಖ ಊದಿಸಿಕೊಂಡಿದ್ದ ನಾನು ಈಗ ಇಷ್ಟೊಂದು ಜನರಿಂದ ಬೈಸಿಕೊಳ್ಳುತ್ತ ಬಡಿಸುತ್ತೇನೆ. ಮನೆ ತುಂಬಿರುತ್ತದೆ. ರಶ್ಮಿ ಇಲ್ಲ.