ಎಡಚಕ್ರಕ್ಕೊಮ್ಮೆ, ಬಲಚಕ್ರಕ್ಕೊಮ್ಮೆ

ಇದನ್ನು ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದೇನೋ, ಅಷ್ಟೂ ಸಲ ಕಾಫಿ ಕುಡಿದು ಬಾಯಿ ಮುಚ್ಚಿಕೊಂಡಿದ್ದೇನೆ. ಈಗ ಎಪ್ಪತ್ತೆಂಟು ತುಂಬಿತು. ಡಾಕ್ಟರು ಕಾಫಿಯನ್ನೂ ಬಿಡಿಸಿದ್ದಾರೆ. ಇನ್ನು ನೆಪವಿಲ್ಲ, ಕೇಳಿ.

ನನ್ನ ಹೆಂಡತಿಯ ತಮ್ಮನಿಗೆ ನೀರು ಕಂಡರೆ ತಲೆ ಕೆಡುತ್ತಿತ್ತು! ಕುಡಿಯುವ ನೀರಲ್ಲ, ರಸ್ತೆಗೆ ಅಡ್ಡ ಬಂದ ನೀರು. ನಾವಿಬ್ಬರೂ ಹೊಸೂರಿನ ಒಂದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆವು. ಮತ್ತಿಗಿರಿಯಲ್ಲಿ ಇಬ್ಬರ ಮನೆಯೂ ಒಂದೇ ಬೀದಿ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಅವನು ಹರಾಜಿನಲ್ಲಿ ಹಳೆಯ ಡೀಸೆಲ್ ಜೀಪೊಂದನ್ನು ಕೊಂಡ. ನಾಲ್ಕು ಚಕ್ರವೂ ಎಳೆಯುವ, ಗುಡ್ಡ ಹತ್ತುವ ಗಾಡಿ. ಅಂಥದ್ದು ಇರುವವನು ಹೇಗಿರಬೇಕು? ಮೀಸೆ ತಿರುವಿ ನುಗ್ಗಬೇಕಲ್ಲವೇ? ಇವನೋ, ಮಳೆ ಬಂದ ಮರುದಿನ ನಮ್ಮ ಬೀದಿಯ ಹೊಂಡದ ಮುಂದೆ ಜೀಪು ನಿಲ್ಲಿಸಿ, ಪ್ಯಾಂಟು ಮಡಚಿ, ಕೋಲು ಹಿಡಿದು ಒಳಗಿಳಿದೇಬಿಟ್ಟ! ಹಿಂದೆ ಆಟೋಗಳ ಸಾಲು. ಒಬ್ಬ ಡ್ರೈವರು ತಮಿಳಿನಲ್ಲಿ ಕೂಗಿದ: "ಎನ್ನಣ್ಣಾ, ಸೋಪು ವೇಣುಮಾ?"

"ಬ್ಯಾಡಪ್ಪಾ, ಸ್ನಾನ ಆಗೈತೆ. ಆಳ ನೋಡ್ತಾವ್ನಿ" ಅಂದ, ತಲೆಯನ್ನೂ ಎತ್ತದೆ!

ತೊರಪಲ್ಲಿ ಅಗ್ರಹಾರದ ಹತ್ತಿರ ಒಮ್ಮೆ ಹೊಳೆ ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಕೋಲೂರಿಕೊಂಡು ಆ ದಡಕ್ಕೆ ಹೋದ. ವಾಪಸು ಬರುವಾಗ ಮಾರು ಪಕ್ಕಕ್ಕೆ ಸರಿದು ಮತ್ತೆ ತಡಕತೊಡಗಿದ.

"ಎರಡು ಸಲ ಯಾಕೋ?"

"ಹೋಗ್ವಾಗ ಎಡಚಕ್ರದ ದಾರಿ ಭಾವ, ಬರ್ವಾಗ ಬಲಚಕ್ರದ್ದು. ಒಂದು ಕಾಲು ಗಟ್ಟಿ ನೆಲದಾಗಿದ್ರೆ ಇನ್ನೊಂದು ಗುಂಡಿಗೆ ಬೀಳಲ್ವಾ?"

ಆಮೇಲೆ ಫ್ಯಾನ್ ನೀರನ್ನು ಎಂಜಿನ್ನಿಗೆ ಎರಚಬಾರದೆಂದು ಅದರ ಬೆಲ್ಟು ಬಿಚ್ಚಿ ಕೊರಳಿಗೆ ಹಾಕಿಕೊಂಡ. ನೀರು ಒಳನುಗ್ಗದಂತೆ ಜೀಪಿನ ಮುಖಕ್ಕೆ ತಾಡಪಾಲು ಕಟ್ಟಿದ. "ಗಾಡಿಗೆ ಸೀಮಂತ ಮಾಡ್ತಾವ್ನೆ ನೋಡ್ರೀ!" ಎಂದು ಜೀಪಿನೊಳಗೆ ಕೂತಿದ್ದ ನನ್ನ ಹೆಂಡತಿ ಹಣೆ ಬಡಿದುಕೊಂಡಳು. ಕೊನೆಗೆ ಮೊದಲನೇ ಗೇರಿನಲ್ಲಿ, ಎಮ್ಮೆ ನಡೆಯುವ ವೇಗದಲ್ಲಿ, ಎಲ್ಲೂ ನಿಲ್ಲಿಸದೆ ದಾಟಿಸಿದ. ನೀರು ಮಂಡಿ ಮೀರಿತೋ, ಮುಗಿಯಿತು, ವಾಪಸು! ಒಂದು ನಾಮಕರಣದ ಒಬ್ಬಟ್ಟಿನ ವಾಸನೆ ಆಚೆ ದಡದಿಂದ ಬರುತ್ತಿದ್ದಾಗಲೇ ನಮ್ಮನ್ನು ಹಿಂದಕ್ಕೆ ತಿರುಗಿಸಿದ್ದಾನೆ ಮಹಾರಾಯ!

ಹೀಗಿರುವಾಗ ನನ್ನ ಮಗಳಿಗೆ ನಾಟ್ರಾಂಪಾಳ್ಯದಿಂದ ಸಂಬಂಧ ಬಂತು. ಹಿಂದೆ ಎರಡು ತಪ್ಪಿಹೋಗಿದ್ದವು. ಮಗಳು ಕನ್ನಡಿ ನೋಡಿಕೊಳ್ಳುವುದನ್ನೇ ಬಿಟ್ಟಿದ್ದಳು. ಇದೂ ತಪ್ಪಿದರೆ? ಒಂದು ಭಾನುವಾರ ಮಾತು ಮುಗಿಸಲು ನಾನೂ ಬಾಮೈದನೂ ಹೊರಟೆವು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಬೀಗರ ಹೊಸ್ತಿಲು ತುಳಿಯಬೇಕು. ಅಂಚೆಟ್ಟಿ ದಾಟಿದ ಮೇಲೆ ಕಾಡಿನಲ್ಲಿ ಹಳ್ಳ ಕೆಂಪಗೆ ಅಡ್ಡ ಬಂತು. ಆಗಲೇ ಗಂಟೆ ನಾಲ್ಕು.

ಬೆಲ್ಟು ಬಿಚ್ಚಿದ್ದಾಯಿತು, ತಾಡಪಾಲು ಕಟ್ಟಿದ್ದಾಯಿತು. "ನಾನ್ ಬರೋಗಂಟ ಏನೂ ಮುಟ್ಬ್ಯಾಡಿ" ಎಂದು ನೀರಿಗಿಳಿದ. ಎಡಚಕ್ರ ಮುಗಿಸಿ ಬಲಚಕ್ರಕ್ಕೆ ಬಂದವನು ನಡುವೆ ಒಂದೇ ಕಡೆ ಕುಟ್ಟುತ್ತ ನಿಂತ.

"ಬಾರೋ!"

"ತಡೀರಿ ಭಾವ, ಇಲ್ಲೊಂದು ಗುಂಡಿ ಐತೆ!"

ನಾಲ್ಕು ಹತ್ತು. ನನಗೆ ತಲೆಗೇರಿತು. ಕಾರ್ಖಾನೆಯ ವ್ಯಾನು ಓಡಿಸಿದವನು ನಾನು, ಇದೇನು ಮಹಾ? ಸ್ಟೇರಿಂಗಿಗೆ ಸರಿದು, ಕೀಲಿ ತಿರುಗಿಸಿ, ಒತ್ತಿದೆ ನೋಡಿ! ಜೀಪು ಎಗರಿ ನೀರಿಗೆ ಬಿತ್ತು. ಬಾನೆಟ್ಟಿನ ಮೇಲೆ ಅಲೆ ಹತ್ತಿ ಎದುರಿಗೆ ಏನೂ ಕಾಣದಾಯಿತು. ಅವನು ಪಕ್ಕಕ್ಕೆ ಹಾರದಿದ್ದರೆ ಅವನ ಮೇಲೆಯೇ ಹತ್ತಿಸುತ್ತಿದ್ದೆ. ಬಲಚಕ್ರ ನೇರ ಆ ಗುಂಡಿಗೇ ಇಳಿಯಿತು. ಎಂಜಿನ್ ಗೊಳಕ್ಕೆಂದು ನಿಂತಿತು.

"ಕೀಲಿ ಮುಟ್ಬ್ಯಾಡಿ ಭಾವ!" ಎಂದು ಕಿರುಚಿಕೊಂಡ. ನಾನು ತಿರುಗಿಸಿದೆ. ಮತ್ತೆ ತಿರುಗಿಸಿದೆ. ಕಟಕ್! ಒಳಗೆ ಮೂಳೆ ಮುರಿದಂಥ ಸದ್ದು.

ಅವನು ಒದ್ದೆ ಮೈಯಲ್ಲಿ ಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಸ್ಟೇರಿಂಗ್ ಹಿಡಿದು ಕೂತ. ಅಷ್ಟರಲ್ಲಿ ಆಚೆ ದಡಕ್ಕೆ ಟ್ರ್ಯಾಕ್ಟರು ಬಂತು. ಹಳ್ಳ ಏರಿದ ಸುದ್ದಿ ಕೇಳಿ ಹುಡುಗನ ಅಪ್ಪನೇ ನಮ್ಮನ್ನು ದಾಟಿಸಲು ಬಂದಿದ್ದರು.

"ಯಾವನಯ್ಯಾ ಈ ನೀರಿಗೆ ನುಗ್ಸಿದ್ದು? ಬುದ್ಧಿ ಬ್ಯಾಡ್ವಾ? ಹುಡ್ಗಿ ಅಪ್ಪನಾ? ಇಂಥ ಮನೆಯಿಂದ ಹೆಣ್ಣು ತರೋದು ಹೆಂಗಪ್ಪಾ?"

ನಾನು ಬಾಯಿ ತೆರೆದೆ.

"ಅಯ್ಯೋ, ಅವ್ರಲ್ಲ ಸ್ವಾಮಿ! ಅವ್ರು ಬ್ಯಾಡಾ ಬ್ಯಾಡಾ ಅಂದ್ರು. ನಾನೇ ಆತ್ರಬಿದ್ದೆ" ಅಂದ ಬಾಮೈದ. ಹೊಂಡಕ್ಕೂ ಕೋಲು ಹಾಕಿ ನೋಡುತ್ತಿದ್ದ ಆ ಮನುಷ್ಯ! ನಾನು ಬಾಯಿ ಮುಚ್ಚಿದೆ.

ಸಂಬಂಧ ಕುದುರಿತು. ಮೂರು ತಿಂಗಳು ಪ್ರತಿ ಭಾನುವಾರ ಅವನು ಎಂಜಿನ್ ಬಿಚ್ಚಿಕೊಂಡು ಕೂತ. ಒಂದು ದಿನ ನಾನು ಲೈಟು ಹಿಡಿದು ನಿಂತಿದ್ದೆ. ಬಗ್ಗಿದ ಕನೆಕ್ಟಿಂಗ್ ರಾಡನ್ನು ಹೊರತೆಗೆದು, ಕೈಯಲ್ಲಿ ತಿರುಗಿಸುತ್ತ, ರಾಡಿಗೇ ಹೇಳುವವನಂತೆ ಹೇಳಿದ: "ನೀರ್ ಕುಡ್ದಿದ್ಕೆ ಹೋಗ್ಲಿಲ್ಲ ಇದು. ದಡಕ್ಕೆಳ್ದು ನೀರ್ ಬಸ್ದಿದ್ರೆ ಎದ್ದಿರೋದು. ಕೀಲಿ ತಿರುಗ್ಸಿದ್ಕೆ ಹೋಯ್ತು." ನಾನು ಹೇಳಬೇಕಾದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಅವನು "ಲೈಟು ಈ ಕಡೆ ಹಿಡೀರಿ ಭಾವ" ಅಂದ. ನಾನು ಈ ಕಡೆ ಹಿಡಿದೆ.

ಮದುವೆಯಲ್ಲಿ ಸೋದರಮಾವ ಹೆಣ್ಣನ್ನು ಎತ್ತಿಕೊಂಡು ಹಸೆಮಣೆಗೆ ತರಬೇಕಲ್ಲ. ಅವನು ಎತ್ತಿಕೊಂಡು ಹೊರಟ ಕೂಡಲೇ ಬೀಗರು ಛತ್ರವೆಲ್ಲ ಕೇಳುವಂತೆ ಕೂಗಿದರು: "ಹುಷಾರಪ್ಪಾ, ನಡೂಮಧ್ಯ ನಿಲ್ಲಿಸ್ಬುಟ್ಟೀಯ!" ಛತ್ರ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಯಾರು ಗೊತ್ತೇ? ನಾನು! ಅವನು ನನ್ನ ಕಡೆ ಒಮ್ಮೆ ನೋಡಿ, ತಾನೂ ನಕ್ಕು, ನನ್ನ ಮಗಳನ್ನು ಮೆಲ್ಲಗೆ ಹಸೆಮಣೆಯ ಮೇಲೆ ಇಳಿಸಿದ.

ಕಳೆದ ಆಷಾಢದಲ್ಲಿ ಅವನು ತೀರಿಕೊಂಡ. ಹನ್ನೊಂದನೇ ದಿನವೂ ಬೀಗರ ಮನೆಯವರು ಅದೇ ಹಳ್ಳದ ಕತೆ ಹೇಳಿದರು. ಮಗಳು ಅಳುತ್ತಲೇ ನಕ್ಕಳು. ನಾನು ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ.

ಮಗಳೇ, ಅವತ್ತು ಕೀಲಿ ತಿರುಗಿಸಿದ್ದು ನಿನ್ನ ಅಪ್ಪ. ನಿನ್ನ ಮದುವೆ ತಪ್ಪಬಾರದೆಂದು ಒದ್ದೆ ಬಟ್ಟೆಯಲ್ಲಿ ಕೂತು ಬೈಸಿಕೊಂಡವನು, ಆಮೇಲೆ ಬದುಕಿರುವ ತನಕ ನಗೆಪಾಟಲಾದವನು, ನಿನ್ನ ಸೋದರಮಾವ. ಅವನ ಹತ್ತಿರ ನಾನು ಒಂದು ದಿನವೂ ತಪ್ಪಾಯಿತು ಅನ್ನಲಿಲ್ಲ.

ತಪ್ಪಾಯಿತು ಕಣೋ, ಮುನಿಕೃಷ್ಣ.