ಬೋರಲು ಹಾಕಿದ ಗ್ಲಾಸು

ಸಗಿನ್‌ಬೆಕ್ ಮೇಷ್ಟ್ರು ಮಾಡಿದ ತಪ್ಪು ಇಷ್ಟೇ: ಬೀಗರಾಗಲಿದ್ದವರ ಮುಂದೆ ತಮ್ಮ ವೋಡ್ಕಾ ಗ್ಲಾಸನ್ನು ಬೋರಲು ಹಾಕಿದರು.

ನರೀನ್ ಊರಿನಲ್ಲಿ ಕುಡಿತ ಬಿಡಿಸುವುದೇ ಅವರ ಕಸುಬು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಕುಡುಕರಿಗೆ ಬುದ್ಧಿವಾದ, ಮಧ್ಯಾಹ್ನ ವೈದ್ಯಕೀಯ ಕಾಲೇಜಿನಲ್ಲಿ ಪಾಠ, ಬುಧವಾರ ಸಂಜೆ ಬಿಟ್ಟವರನ್ನೂ ಬಿಡಲಾರದವರನ್ನೂ ಸುತ್ತ ಕೂರಿಸಿಕೊಂಡು ಮಾತುಕತೆ. ಹುಟ್ಟಿದಾಗಿನಿಂದ ಒಂದು ಹನಿ ನಾಲಗೆಗೆ ಸೋಕಿಸಿದವರಲ್ಲ. ಅದನ್ನು ದಿನಕ್ಕೊಮ್ಮೆ ಯಾರ ಬಳಿಯಾದರೂ ಹೇಳಿಕೊಳ್ಳದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ಇವತ್ತು ಹುಡುಗನ ಕಡೆಯವರು ಮಗಳು ಬೆಗಾಯಿಮ್‌ಳ ಕಿವಿಗೆ ಓಲೆ ಇಡಲು ಬಂದಿದ್ದರು. ಓಲೆ ಇಟ್ಟರೆ ಸಂಬಂಧ ಗಟ್ಟಿ. ಹುಡುಗ ಎರ್ಮೆಕ್; ಅವನನ್ನೇ ಆಗುತ್ತೇನೆ, ಇಲ್ಲವಾದರೆ ಮದುವೆಯೇ ಬೇಡ ಎಂದು ಹಟ ಹಿಡಿದು ಕೂತಿದ್ದ ಹುಡುಗಿ ಅವಳು. ಓಲೆಯ ಡಬ್ಬಿ ಬೀಗಿತ್ತಿಯ ಮಡಿಲಲ್ಲಿತ್ತು.

"ಮಾತ್ರೆ ಗೀತ್ರೆ ತಗೋತಿದೀರಾ?" ಹುಡುಗನ ಅಪ್ಪ ತುರ್ಗನ್‌ಬಾಯ್ ಆ ಗ್ಲಾಸನ್ನೇ ನೋಡುತ್ತ ಕೇಳಿದರು.

"ಇಲ್ಲ. ನಾನು ಕುಡಿಯೋದೇ ಇಲ್ಲ."

"ಹೊಟ್ಟೇಲಿ ಹುಣ್ಣಾ?"

"ಹುಣ್ಣೂ ಇಲ್ಲ. ಕುಡಿಯಲ್ಲ, ಅಷ್ಟೆ."

ಕಾಯಿಲೆಯಿಲ್ಲದ ಗಂಡಸು ಸುಮ್ಮಸುಮ್ಮನೆ ಕುಡಿಯದಿರುವುದುಂಟೇ? ಎಲ್ಲರೂ ಮುಖ ಮುಖ ನೋಡಿಕೊಂಡರು. ಪಕ್ಕದ ಮನೆಯ ಸಯ್ರಕ್ಕ ಮೇಷ್ಟ್ರ ಮಾನ ಉಳಿಸಲೆಂದು ಬೀಗಿತ್ತಿಯ ಕಿವಿಯಲ್ಲಿ, ಬೀದಿಯವರಿಗೂ ಕೇಳುವಂತೆ, ಪಿಸುಗುಟ್ಟಿದಳು: "ಪಾಪ, ಕೋಡ್ ಹಾಕಿಸ್ಕೊಂಡಿರಬೇಕು ಕಣ್ರೀ. ಮರ್ಯಾದಸ್ಥರು, ಹೇಳ್ಕೊಳಲ್ಲ."

ಕುಡಿತ ಬಿಡಲಾಗದವರು ಡಾಕ್ಟರ ಕೈಲಿ ಒಂದು ಸೂಜಿ ಚುಚ್ಚಿಸಿಕೊಂಡು, ಇನ್ನು ಕುಡಿದರೆ ಸತ್ತೇಹೋಗುತ್ತೇನೆ ಎಂದು ಹೆದರಿಕೊಂಡು ಬದುಕುವುದಕ್ಕೆ ಆ ಊರಲ್ಲಿ ಕೋಡ್ ಎನ್ನುತ್ತಾರೆ.

"ನಾನ್ಯಾಕೆ ಹಾಕಿಸ್ಕೊಳ್ಲಿ ಸಯ್ರಕ್ಕ? ನಾನು ಕುಡುಕನೇ ಅಲ್ವಲ್ಲ."

"ಹೌದೌದು," ಎಂದಳು ಸಯ್ರಕ್ಕ, ಹಟ ಮಾಡುವ ಮಗುವಿಗೆ ಹೇಳುವಂತೆ.

ಮೇಷ್ಟ್ರ ಶಿಷ್ಯನೂ ಆಗಿದ್ದ ಮದುಮಗ ಎರ್ಮೆಕ್‌ಗೆ ಗುರುಭಕ್ತಿ ಉಕ್ಕಿ ಬಂತು. "ಅಪ್ಪಾ, ನಮ್ ಸರ್‌ನ ಹಗುರವಾಗಿ ನೋಡ್ಬೇಡಿ. ಕುಡಿತ ನಿಲ್ಲಿಸಿದಾಗ ಕೈ ಹೇಗೆ ನಡುಗುತ್ತೆ, ಗೋಡೆ ಮೇಲೆ ಇಲ್ಲದ ಹುಳ ಹೇಗೆ ಹರಿಯುತ್ತೆ, ಎಲ್ಲಾ ಕ್ಲಾಸಲ್ಲಿ ಮಾಡಿ ತೋರಿಸ್ತಾರೆ. ಅನುಭವ ಇಲ್ದೆ ಹಾಗೆ ಪಾಠ ಮಾಡಕ್ಕಾಗಲ್ಲ."

ಮೇಷ್ಟ್ರು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಬೇಯಿಸಿದ ಕುರಿತಲೆಯನ್ನು ಮೇಲಿಟ್ಟ ಮಾಂಸದ ಹರಿವಾಣ ಹೊತ್ತು ಕಾಚ್ಕಿನ್ ಬಂದ. ವ್ಯಾನ್ ಓಡಿಸುವವನು. ಬುಧವಾರದ ಕೂಟಕ್ಕೆ ಸೇರಿ, ಮೂರು ವರ್ಷದಿಂದ ಬಾಟಲಿ ಮುಟ್ಟದೆ ಉಳಿದವನು.

"ಅಣ್ಣ ಇಲ್ದಿದ್ರೆ ನಾನು ಯಾವತ್ತೋ ಮಣ್ಣಾಗಿರ್ತಿದ್ದೆ," ಎಂದು ಅವನು ಕಣ್ಣೊರೆಸಿಕೊಂಡ. "ಮಳೆಯಾಗ್ಲಿ, ಹಿಮ ಬೀಳ್ಲಿ, ಬುಧವಾರ ತಪ್ಪಿಸದೆ ಬರೋರು ಅಂದ್ರೆ ನಾವಿಬ್ರೇ."

ತುರ್ಗನ್‌ಬಾಯ್ ನಿಧಾನವಾಗಿ ಬೋರಲು ಗ್ಲಾಸನ್ನು ನೆಟ್ಟಗಿಟ್ಟು, ಅಂಚಿನವರೆಗೆ ವೋಡ್ಕಾ ಸುರಿದರು. "ಬಿಚ್ಚಿ ಮಾತಾಡೋಣ ಬೀಗರೇ. ಕೋಡ್ ಇಲ್ಲ ಅಂದ್ರೆ, ಇದನ್ನ ಕುಡಿದ್ರೆ ನಿಮಗೇನೂ ಆಗಬಾರದು. ಅಲ್ವಾ?"

ಕುಡುಕನಲ್ಲವೆಂದು ತೋರಿಸಲು ಕುಡಿಯುವುದೊಂದೇ ದಾರಿ. ಮೇಷ್ಟ್ರು ಮಗಳ ಬರಿಗಿವಿಗಳನ್ನು ನೋಡಿದರು. ಕಣ್ಣು ಮುಚ್ಚಿ ಗಟಗಟನೆ ಕುಡಿದೇಬಿಟ್ಟರು.

ಮೊದಲು ಗಂಟಲಿಗೆ ಬೆಂಕಿ ಬಿತ್ತು. ಆಮೇಲೆ ಲೋಕವೆಲ್ಲ ತಮ್ಮ ನೆಂಟರೆನ್ನಿಸಿತು. "ನೋಡಿ, ಏನೂ ಆಗಿಲ್ಲ," ಎನ್ನುತ್ತ ಎದ್ದವರು ತಾವೇ ಇನ್ನೊಂದು ಗ್ಲಾಸು ಸುರಿದುಕೊಂಡು ಇಳಿಸಿದರು. ಹರಿವಾಣದಲ್ಲಿದ್ದ ಕುರಿಯ ತಲೆಗೆ, "ಈ ಮನೇಲಿ ನನ್ನ ನಂಬಿದವನು ನೀನೊಬ್ಬನೇ," ಎಂದು ಮುತ್ತಿಟ್ಟರು. ಸಯ್ರಕ್ಕನ ತಲೆವಸ್ತ್ರ ಕಿತ್ತು ಬೀಸಿ ಕುಣಿದರು. ಚಹಾಕ್ಕೆ ನೀರು ಕುದಿಯುತ್ತಿದ್ದ ಸಮೋವಾರ್ ಹಂಡೆಯನ್ನು ತಬ್ಬಿಕೊಳ್ಳಲು ಹೋಗಿ ಕೈ ಸುಟ್ಟುಕೊಂಡು, ಅದರ ಹತ್ತಿರ ಕ್ಷಮೆಯನ್ನೂ ಕೇಳಿದರು.

ಯಾರೂ ನಗಲಿಲ್ಲ. ತುರ್ಗನ್‌ಬಾಯ್ ಓಲೆಯ ಡಬ್ಬಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

"ನನ್ನ ಗ್ಲಾಸು ಮೂಸಿ ನೋಡಿ. ನೀರು," ಎಂದರು. "ಹೋದ ಚಳಿಗಾಲ ಕೋಡ್ ಹಾಕಿಸ್ಕೊಂಡೋನು ನಾನು. ಬೀಗರೂ ಬಿಟ್ಟವರೇ ಅಂತ ತಿಳಿದು ಎಷ್ಟು ಧೈರ್ಯ ಬಂದಿತ್ತು ಗೊತ್ತಾ? ತಡ್ಕೋತಾರಾ ನೋಡೋಣ ಅಂತ ಸುರಿದೆ. ಕುಡಿಯೋಕೆ ಹೋದ್ರೆ ಕೈ ಹಿಡಿಯೋಣ ಅಂತಿದ್ದೆ. ಅಷ್ಟರಲ್ಲಿ ಖಾಲಿ. ಎರಡನೇದನ್ನ ನೀವೇ ಸುರ್ಕೊಂಡ್ರಿ. ಇಂಥ ಮನೆ ಸಹವಾಸ ಮಾಡಿ ನಾನು ಉಳೀತೀನಾ?"

"ನಾನು ಕುಡುಕ ಅಲ್ಲ," ಎಂದರು ಮೇಷ್ಟ್ರು, ಗೋಡೆ ಹಿಡಿದುಕೊಂಡು.

"ಕುಡುಕರೆಲ್ಲ ಮೊದಲು ಹೇಳೋದೇ ಈ ಮಾತು ಅಂತ ಸರ್ ಪಾಠದಲ್ಲಿದೆ," ಎಂದ ಎರ್ಮೆಕ್, ತಲೆ ತಗ್ಗಿಸಿ.

"ಒಪ್ಕೊಂಡುಬಿಡಿ ಅಣ್ಣಾ, ಎದೆ ಹಗುರ ಆಗುತ್ತೆ," ಎಂದ ಕಾಚ್ಕಿನ್.

"ಅಪ್ಪಾ, ನನಗೋಸ್ಕರ," ಎಂದಳು ಬೆಗಾಯಿಮ್.

ಮೇಷ್ಟ್ರಿಗೆ ಅಳು ಬಂತು. ಬುಧವಾರ ಬುಧವಾರ ಊರವರ ಬಾಯಲ್ಲಿ ಹೇಳಿಸುತ್ತಿದ್ದ ಮಾತನ್ನು ತಾವೇ ಹೇಳಿದರು. "ನನ್ನ ಹೆಸರು ಸಗಿನ್‌ಬೆಕ್. ನಾನು ಕುಡುಕ."

ಚಪ್ಪಾಳೆ ಬಿತ್ತು. ತುರ್ಗನ್‌ಬಾಯ್ ಓಡಿಬಂದು ತಬ್ಬಿಕೊಂಡರು. ಡಬ್ಬಿ ಜೇಬಿನಿಂದ ಹೊರಬಂದು, ಬೆಗಾಯಿಮ್‌ಳ ಕಿವಿಯಲ್ಲಿ ಓಲೆ ಹೊಳೆಯಿತು.

ಕಾಚ್ಕಿನ್ ಮೇಷ್ಟ್ರನ್ನು ಮೂಲೆಗೆ ಕರೆದೊಯ್ದು ಕೂರಿಸಿ, ಕೈಗೆ ಬಿಸಿ ಚಹಾ ಕೊಟ್ಟ. ಅವರು ಅವನಿಗೆ ಮೊದಲ ದಿನ ಕೊಟ್ಟಿದ್ದ ಹಾಗೆಯೇ.

"ನನಗೆ ಮೂರು ವರ್ಷ ಆಯ್ತು. ನಿಮ್ಮದು ನಾಳೆಯಿಂದ ಶುರು," ಎಂದ. "ನಮ್ಮ ಕೂಟದಲ್ಲಿ ಬಿಟ್ಟ ದಿನದಿಂದಲೇ ಹಿರಿತನ, ತಲೆ ನರೆತಿದ್ದಕ್ಕಲ್ಲ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

ಕಾಚ್ಕಿನ್ ಅವರ ಬೆನ್ನು ತಟ್ಟಿದ. "ಬುಧವಾರ ತಪ್ಪಿಸ್ಬೇಡ ತಮ್ಮಾ. ನಿನ್ನ ಕುರ್ಚೀಲಿ ನಾನು ಕೂತಿರ್ತೀನಿ."